ಚಿಕ್ಕ ಕಾಲೇಜು, ದೊಡ್ಡ ವಿಶ್ವವಿದ್ಯಾನಿಲಯ

ಪದವಿ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೊರಟ ಹುಡುಗನು ಹಾರ್ವರ್ಡ್ ಸೇರಿದನೆಂದರೆ ನಮ್ಮಲ್ಲಿ ಹತ್ತು ಜನ ತಲೆದೂಗುತ್ತಾರೆ. ವಿಲಿಯಮ್ಸ್ ಕಾಲೇಜು ಸೇರಿದನೆಂದರೆ, “ಅದು ಯಾವ ಯೂನಿವರ್ಸಿಟಿಗೆ ಸೇರಿದ್ದು?” ಎಂದು ಕೇಳುತ್ತಾರೆ. ಪ್ರಶ್ನೆ ಸಹಜವಾದದ್ದೇ. ನಮ್ಮಲ್ಲಿ ಕಾಲೇಜೆಂಬುದು ಬಹುಮಟ್ಟಿಗೆ ವಿಶ್ವವಿದ್ಯಾನಿಲಯವೊಂದರ ಅಂಗ. ಪಠ್ಯವನ್ನು ಗೊತ್ತುಮಾಡುವವರು, ಪ್ರಶ್ನಪತ್ರಿಕೆ ತೆಗೆಯುವವರು, ಪದವಿ ಕೊಡುವವರು ಬೇರೆ. ಪಾಠ ಹೇಳುವವರು ಬೇರೆ. ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ 1793ರಲ್ಲಿ ಸ್ಥಾಪಿತವಾದ ವಿಲಿಯಮ್ಸ್ ಕಾಲೇಜಾದರೋ ಯಾರ ಅಂಗವೂ ಅಲ್ಲ. ಅದರ ಪಠ್ಯ ಅದರದೇ, ಪರೀಕ್ಷೆ ಅದರದೇ, ಪದವಿಯೂ ಅದರದೇ. ಅಲ್ಲಿರುವ ವಿದ್ಯಾರ್ಥಿಗಳು ಸುಮಾರು 2,000 ಮಂದಿ ಮಾತ್ರ. ಆಮ್‌ಹರ್ಸ್ಟ್, ಸ್ವಾರ್ತ್‌ಮೋರ್, ಕಾರ್ಲ್‌ಟನ್, ಓಬರ್ಲಿನ್ ಇವೆಲ್ಲ ಇದೇ ಜಾತಿಯವು. ಇವನ್ನು ಲಿಬರಲ್ ಆರ್ಟ್ಸ್ ಕಾಲೇಜುಗಳೆಂದು ಕರೆಯುತ್ತಾರೆ.

ಇಲ್ಲಿ ‘ಆರ್ಟ್ಸ್’ ಎಂದರೆ ನಮ್ಮ ಬಿ.ಎ. ತರಗತಿ ಎಂದು ತಿಳಿಯಬಾರದು. ಮಧ್ಯಯುಗದ ಯೂರೋಪಿನಲ್ಲಿ ವ್ಯಾಕರಣ, ತರ್ಕ, ವಾಗ್ಮಿತೆ, ಅಂಕಗಣಿತ, ರೇಖಾಗಣಿತ, ಖಗೋಳ, ಸಂಗೀತ ಎಂಬ ಏಳು ವಿದ್ಯೆಗಳಿಗೆ ಈ ಹೆಸರಿತ್ತು. ಯಾವುದೇ ಒಂದು ಕಸುಬಿಗೆ ಕಟ್ಟುಬೀಳದ ಸ್ವತಂತ್ರ ಮನುಷ್ಯನಿಗೆ ಬೇಕಾದ ವಿದ್ಯೆಗಳು ಎಂಬುದು ಅದರ ಅರ್ಥ. ಇಂದಿಗೂ ಈ ಕಾಲೇಜುಗಳಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿ ತತ್ತ್ವಶಾಸ್ತ್ರವನ್ನೂ ಓದಬಹುದು, ಸಾಹಿತ್ಯದ ವಿದ್ಯಾರ್ಥಿ ಜೀವಶಾಸ್ತ್ರವನ್ನೂ ಓದಬಹುದು.

ಹಾಗಿದ್ದರೂ ಇವುಗಳ ಹೆಸರು ಸಾಗರ ದಾಟಿ ಬರಲಿಲ್ಲವೇಕೆ? ಕಾರಣ ಚರಿತ್ರೆಯಲ್ಲಿದೆ. 1876ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯವು ಜರ್ಮನ್ ಮಾದರಿಯನ್ನು ಅನುಸರಿಸಿ ಆರಂಭವಾಯಿತು. ಹೊಸ ಜ್ಞಾನವನ್ನು ಸಂಪಾದಿಸುವುದೇ ವಿಶ್ವವಿದ್ಯಾನಿಲಯದ ಮುಖ್ಯ ಧರ್ಮವೆಂಬ ಭಾವನೆ ಅಲ್ಲಿಂದ ಬಲವಾಗಿ ಬೇರೂರಿತು. ಅಂದಿನಿಂದ ವಿದ್ಯಾಸಂಸ್ಥೆಯ ಕೀರ್ತಿಯೆಂದರೆ ಸಂಶೋಧನೆಯ ಕೀರ್ತಿ ಎಂದಾಯಿತು. ಈಗ ಪ್ರತಿವರ್ಷ ಹೊರಬೀಳುವ ಜಾಗತಿಕ ಶ್ರೇಯಾಂಕದ ಪಟ್ಟಿಗಳೂ ಪ್ರಕಟವಾದ ಸಂಶೋಧನೆಗೆ ಹೆಚ್ಚು ತೂಕ ಕೊಡುತ್ತವೆ. ಪದವಿ ತರಗತಿಯ ಪಾಠವನ್ನೇ ಮುಖ್ಯವಾಗಿ ನಂಬಿಕೊಂಡ ಚಿಕ್ಕ ಕಾಲೇಜುಗಳು ಆ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ.

ಕೀರ್ತಿ ಒಂದು, ಬೆಲೆ ಇನ್ನೊಂದು. ಸಂಶೋಧನೆಯಿಂದ ಲೋಕವಿಖ್ಯಾತರಾದ ಪ್ರಾಧ್ಯಾಪಕರ ಹೆಸರನ್ನು ನೋಡಿ ದೊಡ್ಡ ವಿಶ್ವವಿದ್ಯಾನಿಲಯಕ್ಕೆ ಸೇರಿದ ಹುಡುಗನು ಮೊದಲ ವರ್ಷ ನೂರಾರು ಮಂದಿಯ ನಡುವೆ ಕುಳಿತು ಉಪನ್ಯಾಸ ಕೇಳಬೇಕಾಗಬಹುದು. ಅವನ ಉತ್ತರಗಳನ್ನು ತಿದ್ದುವವನು ಅನೇಕ ವೇಳೆ ಸಂಶೋಧನೆಯಲ್ಲಿ ತೊಡಗಿರುವ ಇನ್ನೊಬ್ಬ ವಿದ್ಯಾರ್ಥಿ. ವಿಲಿಯಮ್ಸ್‌ನಲ್ಲಿ ಟ್ಯುಟೋರಿಯಲ್ ಎಂಬ ಒಂದು ಕ್ರಮವಿದೆ. ವಾರಕ್ಕೊಮ್ಮೆ ಇಬ್ಬರೇ ವಿದ್ಯಾರ್ಥಿಗಳು ಅಧ್ಯಾಪಕರೆದುರು ಕುಳಿತುಕೊಳ್ಳುತ್ತಾರೆ; ಒಬ್ಬನು ಪ್ರಬಂಧ ಮಂಡಿಸುತ್ತಾನೆ, ಇನ್ನೊಬ್ಬನು ಅದನ್ನು ವಿಮರ್ಶಿಸುತ್ತಾನೆ; ಮುಂದಿನ ವಾರ ಪಾತ್ರಗಳು ಅದಲುಬದಲಾಗುತ್ತವೆ. ಓದದೆ ಬಂದವನಿಗೆ ಅಡಗಿಕೊಳ್ಳಲು ಹಿಂದಿನ ಬೆಂಚೇ ಇಲ್ಲ!

ಇಂಥ ಸಾಮೀಪ್ಯದಿಂದ ಏನು ಫಲ ಎಂಬುದಕ್ಕೆ ಓಬರ್ಲಿನ್ ಕಾಲೇಜು ಒಳ್ಳೆಯ ನಿದರ್ಶನ. ಅಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ಫ್ರಾಂಕ್ ಫ್ಯಾನಿಂಗ್ ಜುವೆಟ್ ಅವರು ಚಾರ್ಲ್ಸ್ ಮಾರ್ಟಿನ್ ಹಾಲ್ ಎಂಬ ವಿದ್ಯಾರ್ಥಿಗೆ ಅಲ್ಯೂಮಿನಿಯಮ್ಮಿನ ವಿಷಯದಲ್ಲಿ ಆಸಕ್ತಿ ಹುಟ್ಟಿಸಿದರು. ಆಗ ಅದು ದುಬಾರಿ ಲೋಹ. ಹಾಲ್ 1885ರಲ್ಲಿ ಪದವೀಧರನಾದ ಮೇಲೂ ಗುರುಗಳ ಸಲಹೆ ಪಡೆಯುತ್ತ, ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಪ್ರಯೋಗ ಮುಂದುವರಿಸಿದನು. 1886ರ ಫೆಬ್ರವರಿಯಲ್ಲಿ ವಿದ್ಯುತ್ತಿನ ಸಹಾಯದಿಂದ ಆ ಲೋಹವನ್ನು ಅಗ್ಗವಾಗಿ ಬೇರ್ಪಡಿಸುವ ವಿಧಾನ ಅವನಿಗೆ ಸಿದ್ಧಿಸಿತು. ಅದೇ ವರ್ಷ ಫ್ರಾನ್ಸಿನಲ್ಲಿ ಪಾಲ್ ಹೆರೂ ಎಂಬಾತನೂ ಸ್ವತಂತ್ರವಾಗಿ ಇದೇ ವಿಧಾನವನ್ನು ಕಂಡುಹಿಡಿದನು. ನಮ್ಮ ಅಡಿಗೆಮನೆಗಳಿಗೆ ಅಲ್ಯೂಮಿನಿಯಮ್ ಪಾತ್ರೆ ಬಂದದ್ದರ ಹಿಂದೆ ಒಬ್ಬ ಅಧ್ಯಾಪಕ ತನ್ನ ವಿದ್ಯಾರ್ಥಿಯನ್ನು ಹೆಸರು ಹಿಡಿದು ಬಲ್ಲವನಾಗಿದ್ದನೆಂಬ ಸಂಗತಿಯೂ ಇದೆ.

ಇಷ್ಟು ಹೇಳಿದ ಮಾತ್ರಕ್ಕೆ ದೊಡ್ಡ ವಿಶ್ವವಿದ್ಯಾನಿಲಯವನ್ನು ಹಳಿದಂತಾಗಬಾರದು. 1862ರ ಮಾರಿಲ್ ಕಾಯಿದೆಯ ಪ್ರಕಾರ ಸರ್ಕಾರಿ ಭೂಮಿಯ ನೆರವಿನಿಂದ ಬೆಳೆದ ವಿಶ್ವವಿದ್ಯಾನಿಲಯಗಳು ರೈತರ, ಕುಶಲಕರ್ಮಿಗಳ ಮಕ್ಕಳಿಗೆ ಉನ್ನತ ವಿದ್ಯೆಯ ಬಾಗಿಲು ತೆರೆದವು. ಅವುಗಳಲ್ಲೊಂದಾದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಕೊಲಂಬಸ್ ಆವರಣದಲ್ಲಿ ಸುಮಾರು 60,000 ಮಂದಿ ಓದುತ್ತಾರೆ. 1964ರಲ್ಲಿ ಆರಂಭವಾದ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಮಾದರಿಯಾದದ್ದೂ ಈ ಪರಂಪರೆಯೇ. ಅಷ್ಟು ವಿಷಯಗಳು, ಅಷ್ಟು ದೊಡ್ಡ ಪುಸ್ತಕಭಂಡಾರ, ಪ್ರಯೋಗಶಾಲೆಗಳು ಚಿಕ್ಕ ಕಾಲೇಜಿನಲ್ಲಿ ದೊರೆಯಲಾರವು. ಚಿಕ್ಕ ಕಾಲೇಜಿನ ಶುಲ್ಕವೂ ಹಗುರವಲ್ಲ. ಕೆಲವರಿಗೇ ಅಧ್ಯಾಪಕರೊಬ್ಬರು ಸಿಗಬೇಕಾದರೆ ಯಾರಾದರೂ ಅದರ ಹಣ ತೆರಲೇಬೇಕಷ್ಟೆ. ಹಳೆಯ ದತ್ತಿನಿಧಿಯುಳ್ಳ ಕಾಲೇಜುಗಳು ಬಡ ವಿದ್ಯಾರ್ಥಿಗೆ ಧಾರಾಳವಾಗಿ ನೆರವಾಗುತ್ತವೆ, ನಿಧಿಯಿಲ್ಲದವು ತತ್ತರಿಸುತ್ತವೆ. ವರ್ಜೀನಿಯದ ಸ್ವೀಟ್ ಬ್ರಯರ್ ಎಂಬ ಮಹಿಳಾ ಕಾಲೇಜು 2015ರಲ್ಲಿ ಬಾಗಿಲು ಮುಚ್ಚುವುದಾಗಿ ಸಾರಿತು. ಹಳೆಯ ವಿದ್ಯಾರ್ಥಿನಿಯರು ಹಣ ಕೂಡಿಸಿ, ನ್ಯಾಯಾಲಯದ ಮೆಟ್ಟಿಲೇರಿ ಅದನ್ನು ಉಳಿಸಿಕೊಂಡರು. ಶ್ರೇಯಾಂಕದ ಪಟ್ಟಿಗಳು ಇಂಥ ಅಭಿಮಾನಕ್ಕೆ ಅಂಕ ಕೊಡುವುದಿಲ್ಲ.

1964-66ರ ಕೊಠಾರಿ ಆಯೋಗವು ಯೋಗ್ಯವಾದ ಕಾಲೇಜುಗಳಿಗೆ ಸ್ವಾಯತ್ತತೆ ಕೊಡಬೇಕೆಂದು ನಮ್ಮಲ್ಲಿಯೂ ಸಲಹೆ ಮಾಡಿತು. ಸ್ವಾಯತ್ತ ಕಾಲೇಜುಗಳು ಬಂದಿವೆ. ಆದರೆ ಪಠ್ಯವನ್ನು ತಾವೇ ಗೊತ್ತುಮಾಡಿದ ಮಾತ್ರದಿಂದ ಅವು ಚಿಕ್ಕ ಕಾಲೇಜಿನ ಗುಣವನ್ನು ಪಡೆಯಲಾರವು. ತರಗತಿ ಚಿಕ್ಕದಾಗಬೇಕು, ಪಾಠ ಹೇಳುವವನಿಗೆ ವಿದ್ಯಾರ್ಥಿಯ ಬರಹವನ್ನು ಓದುವಷ್ಟು ಬಿಡುವಿರಬೇಕು. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಹೊರಟ ತಂದೆತಾಯಿಗಳು, ಅದು ಅಮೆರಿಕದಲ್ಲಿರಲಿ, ಪಕ್ಕದ ಊರಿನಲ್ಲಿರಲಿ, ಯಾವ ಯೂನಿವರ್ಸಿಟಿಗೆ ಸೇರಿದ್ದೆಂದು ಕೇಳುವುದರ ಜೊತೆಗೆ ಇನ್ನೊಂದನ್ನೂ ಕೇಳುವುದು ಲೇಸು: ನಮ್ಮ ಹುಡುಗ ಬರೆದದ್ದನ್ನು ಇಲ್ಲಿ ಓದುವವರು ಯಾರು?