ನಿಮಗಿದು ಗೊತ್ತೇ? ತಪ್ಪೊಪ್ಪಿಕೊಂಡ ಪೈಲಟ್‌ಗೆ ಒಂದು ಚೀಟಿ

ಅಮೆರಿಕದ ಸಣ್ಣ ವಿಮಾನ ನಿಲ್ದಾಣಗಳಲ್ಲಿ ಬಹುಪಾಲಿಗೆ ಕಂಟ್ರೋಲ್ ಟವರೇ ಇಲ್ಲ! ಇಳಿಯಲು ಬರುವ ಪೈಲಟ್ ತಾನೆಲ್ಲಿದ್ದೇನೆ, ಯಾವ ರನ್‌ವೇಗೆ ಬರುತ್ತಿದ್ದೇನೆ ಎಂದು ರೇಡಿಯೊದಲ್ಲಿ ತಾನೇ ಸಾರುತ್ತಾನೆ. ಘಾಟಿ ತಿರುವಿನಲ್ಲಿ ಹಾರ್ನ್ ಹೊಡೆದ ಹಾಗೆ. ನಿಲ್ದಾಣದ ಹೆಸರನ್ನು ಮೊದಲಿಗೊಮ್ಮೆ, ಕೊನೆಗೊಮ್ಮೆ ಹೇಳುವುದು ರೂಢಿ. ಏಕೆಂದರೆ ಅದೇ ಫ್ರೀಕ್ವೆನ್ಸಿಯಲ್ಲಿ ಬೇರೆ ನಿಲ್ದಾಣದವರೂ ಮಾತಾಡುತ್ತಿರುತ್ತಾರೆ.

ಗೊತ್ತಿದ್ದದ್ದನ್ನು ಹೀಗೆ ಉಳಿದವರಿಗೆ ಸಾರದಿದ್ದರೆ ಏನಾಗುತ್ತದೆ? 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನ ಡಲಸ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಟಿಡಬ್ಲ್ಯುಎ 514 ವಿಮಾನ ಬೆಟ್ಟಕ್ಕೆ ಬಡಿದು 92 ಮಂದಿ ಸತ್ತರು. ನಿಲ್ದಾಣದತ್ತ ಬರಲು ಅನುಮತಿ ಸಿಕ್ಕಿತಲ್ಲ, ಇನ್ನು 1,800 ಅಡಿಗೆ ಇಳಿಯಬಹುದು ಎಂದುಕೊಂಡಿದ್ದರು ಪೈಲಟ್‌ಗಳು. ಆರು ವಾರದ ಹಿಂದಷ್ಟೇ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಅಲ್ಲೇ, ಹಾಗೇ ಎಡವಿ, ಕೂದಲೆಳೆಯಲ್ಲಿ ಪಾರಾಗಿತ್ತು. ಸಂಸ್ಥೆ ತನ್ನ ಪೈಲಟ್‌ಗಳನ್ನು ಎಚ್ಚರಿಸಿತ್ತು ಕೂಡ. ಉಳಿದವರ ಕಿವಿಗೆ ಅದು ಬೀಳಲೇ ಇಲ್ಲ.

ಇದಾದ ಮೇಲೆ ವಿಮಾನಯಾನ ಇಲಾಖೆ, ‘ನಿಮ್ಮ ತಪ್ಪುಗಳನ್ನು ನಮಗೇ ಬರೆದು ತಿಳಿಸಿ’ ಎಂದಿತು. ಪೈಲಟ್‌ಗಳು ನಂಬಲಿಲ್ಲ. ಸಿಗ್ನಲ್ ಜಂಪ್ ಮಾಡಿದೆ ಸ್ವಾಮಿ ಎಂದು ಟ್ರಾಫಿಕ್ ಪೊಲೀಸರ ಬಳಿ ತಾವಾಗಿ ಹೋಗುವವರುಂಟೇ? ಹಾಗಾಗಿ 1976ರಲ್ಲಿ ಆ ಕೆಲಸ, ದಂಡ ಹಾಕುವ ಅಧಿಕಾರವೇ ಇಲ್ಲದ ನಾಸಾ ಪಾಲಿಗೆ ಬಂತು. ಹೌದು, ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಅದೇ ನಾಸಾ!

ತಪ್ಪನ್ನು ಬರೆದು ನಾಸಾಗೆ ಕಳಿಸುವ ಫಾರಂನ ಸೊಗಸು ಅದರ ಮೇಲ್ತುದಿಯಲ್ಲಿದೆ. ಹೆಸರು, ಫೋನ್ ನಂಬರ್ ಬರೆಯುವುದು ಅಲ್ಲಿನ ಒಂದು ಪಟ್ಟಿಯಲ್ಲಿ ಮಾತ್ರ. ಏನಾದರೂ ಕೇಳುವುದಿದ್ದರೆ ನಾಸಾದವರು ಫೋನ್ ಮಾಡಿ ಕೇಳುತ್ತಾರೆ. ಆಮೇಲೆ ಪಟ್ಟಿಯನ್ನು ಹರಿದು, ದಿನಾಂಕದ ಮುದ್ರೆ ಒತ್ತಿ, ಬರೆದವರಿಗೇ ಅಂಚೆಯಲ್ಲಿ ಕಳಿಸುತ್ತಾರೆ. ಬೇಕೆಂದೇ ಮಾಡಿದ ತಪ್ಪಲ್ಲದಿದ್ದರೆ, ಅಪಘಾತ ಆಗಿರದಿದ್ದರೆ, 10 ದಿನದೊಳಗೆ ಬರೆದಿದ್ದರೆ, ಮುಂದೆ ಇಲಾಖೆ ಹಿಡಿದರೂ ಆ ಚೀಟಿ ತೋರಿಸಿ ಶಿಕ್ಷೆ ತಪ್ಪಿಸಿಕೊಳ್ಳಬಹುದು. ಭಾನುವಾರದ ಖುಷಿಗೆ ಎರಡು ಸೀಟಿನ ವಿಮಾನ ಹಾರಿಸುವವರಿಗೂ ಜಂಬೋ ಜೆಟ್ ಕ್ಯಾಪ್ಟನ್‌ಗೂ ಇಲ್ಲಿ ಒಂದೇ ನ್ಯಾಯ.

ಈ ತಪ್ಪೊಪ್ಪಿಗೆಗಳಲ್ಲಿ ಆಯ್ದವು ಹೆಸರಿಲ್ಲದೆ, 1979ರಿಂದ ‘ಕಾಲ್‌ಬ್ಯಾಕ್’ ಎಂಬ ಮಾಸಿಕದಲ್ಲಿ ಅಚ್ಚಾಗುತ್ತಿವೆ. ಬ್ರಿಟನ್ 1982ರಲ್ಲಿ ‘ಚಿರ್ಪ್’ ಹೆಸರಿನಲ್ಲಿ ಇಂಥದ್ದೇ ಏರ್ಪಾಡು ಮಾಡಿಕೊಂಡಿತು.

ಹೀಗೆ ಒಬ್ಬರಿಗೊಬ್ಬರು ತಿಳಿಸುವ ಕೆಲಸವನ್ನು ಎಂಜಿನ್ ಇಲ್ಲದ ಗ್ಲೈಡರ್‌ಗಳಲ್ಲಿ ಒಂದು ಪೆಟ್ಟಿಗೆಯೇ ಮಾಡುತ್ತದೆ. ಮೇಲೇರುವ ಬಿಸಿಗಾಳಿ ಸಿಕ್ಕಿದ ಕಡೆ ಹದ್ದುಗಳ ಹಾಗೆ ನಾಲ್ಕಾರು ಒಟ್ಟಿಗೇ ಗಿರಕಿ ಹೊಡೆಯುತ್ತವೆ, ಡಿಕ್ಕಿಯ ಭಯ ಇದ್ದದ್ದೇ. 2004ರಲ್ಲಿ ಸ್ವಿಟ್ಜರ್ಲೆಂಡಿನ ಗ್ಲೈಡರ್ ಪೈಲಟ್‌ಗಳು ‘ಫ್ಲಾರ್ಮ್’ ಎಂಬ ಪುಟ್ಟ ಪೆಟ್ಟಿಗೆ ತಂದರು. ತಾನೆಲ್ಲಿದ್ದೇನೆ, ಎತ್ತ ಹೊರಟಿದ್ದೇನೆ ಎಂದು ಅದು ಸುತ್ತಲಿನವರಿಗೆ ರೇಡಿಯೊದಲ್ಲಿ ತಿಳಿಸುತ್ತಿರುತ್ತದೆ. ಇನ್ನೊಂದು ಗ್ಲೈಡರ್ ಡಿಕ್ಕಿಯಾಗುವಂತೆ ಹತ್ತಿರ ಬಂದರೆ ಬೀಪ್ ಎನ್ನುತ್ತದೆ. ಆದರೆ ಎದುರಿನವರೂ ಸಂಕೇತ ಬಿಡುವ ಪೆಟ್ಟಿಗೆ ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ ನೀವು ದುಡ್ಡು ಕೊಟ್ಟು ತಂದದ್ದು ಬಾಯಿ ಬಿಡುವುದಿಲ್ಲ.