ಹೊಳೆಯ ಗುರುತು, ಯಂತ್ರದ ಅಂಕಿ: ಕೃಷ್ಣಾ ತೀರದ ಐದು ತಾಲ್ಲೂಕುಗಳಲ್ಲಿ ನೆರೆಯ ಮುನ್ನರಿವು

ನಮ್ಮ ಜಾನಪದ ಸಂಗ್ರಹಗಳಲ್ಲಿ ಮಳೆಗೆ ದೊರೆತಿರುವ ಸ್ಥಾನ ನೆರೆಗೆ ದೊರೆತಿಲ್ಲ. ಮಳೆಯನ್ನು ಕರೆಯುವ ಗುರ್ಜಿಯ ಆಚರಣೆ, ನಕ್ಷತ್ರಗಳ ಹೆಸರು ಹೊತ್ತ ಮಳೆಗಳು, ಬರಗಾಲದ ಕಥನಗಳು ಬೇಕಾದಷ್ಟು ದಾಖಲಾಗಿವೆ. ಆದರೆ ಕರೆಯದ ನೀರು ಹೊಸ್ತಿಲಿಗೆ ಬಂದು ನಿಂತಾಗ ಹೊಳೆದಂಡೆಯ ಸಮುದಾಯಗಳು ಅದನ್ನು ಹೇಗೆ ಅಳೆಯುತ್ತವೆ, ಯಾವ ಮಾತಿನಲ್ಲಿ ಒಬ್ಬರಿಗೊಬ್ಬರು ತಿಳಿಸುತ್ತವೆ ಎಂಬುದರ ಕಡೆಗೆ ವಿದ್ವಾಂಸರ ಗಮನ ಹರಿದದ್ದು ಕಡಿಮೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ನದೀತೀರವನ್ನು ಆಧಾರವಾಗಿಟ್ಟುಕೊಂಡು, ಹೊಸ ಮುನ್ಸೂಚನಾ ತಂತ್ರಜ್ಞಾನವು ಈ ಜನರ ತಿಳಿವಳಿಕೆಯೊಡನೆ ಎಲ್ಲಿ ಕೂಡುತ್ತದೆ, ಎಲ್ಲಿ ತಪ್ಪಿಸಿಕೊಳ್ಳುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನದಿಯ ಸ್ವಭಾವವನ್ನು ತಿಳಿಯಬೇಕು. ಅಥಣಿ, ಕಾಗವಾಡಗಳ ಸೀಮೆ ಮಳೆನೆರಳಿನ ಪ್ರದೇಶ. ಬರ ಇಲ್ಲಿನ ಹಳೆಯ ನೆಂಟ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಾದರೋ ವರ್ಷಕ್ಕೆ 5000 ಮಿಲಿಮೀಟರಿಗೂ ಹೆಚ್ಚು ಮಳೆ. ಕೊಯ್ನಾ, ವಾರಣಾ, ಪಂಚಗಂಗಾ ನದಿಗಳ ನೀರನ್ನು ಕೂಡಿಸಿಕೊಂಡ ಕೃಷ್ಣೆ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನ ರಾಜಾಪುರ ಬ್ಯಾರೇಜನ್ನು ದಾಟಿ ಕರ್ನಾಟಕಕ್ಕೆ ಬರುತ್ತಾಳೆ. ನಿಪ್ಪಾಣಿ ಭಾಗದಲ್ಲಿ ವೇದಗಂಗೆಯನ್ನು ಸೇರಿಸಿಕೊಂಡ ದೂಧಗಂಗೆ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳ-ಯಡೂರಿನ ಬಳಿ ಅವಳೊಡನೆ ಕೂಡುತ್ತಾಳೆ. ಆದ್ದರಿಂದ ಇಲ್ಲಿನ ಆಕಾಶದಲ್ಲಿ ಮೋಡವಿಲ್ಲದ ದಿನವೂ ಹೊಳೆ ಏರಬಹುದು. ಊರಿನ ಮಾತಿನಲ್ಲಿ ನೆರೆಯೆಂದರೆ ‘ಹೊಳಿ ಬಂತು’ ಎಂದೇ ಹೊರತು ‘ಮಳಿ ಬಂತು’ ಎಂದಲ್ಲ. ಹೊಳೆ ಬೇರೆಲ್ಲಿಂದಲೋ ಬರುವ ಅತಿಥಿ ಎಂಬ ಅರಿವು ಆ ಕ್ರಿಯಾಪದದಲ್ಲಿಯೇ ಅಡಗಿದೆ.

ಈ ಒಂದು ಅಂಶವನ್ನು ಮರೆತರೆ ತಂತ್ರಜ್ಞಾನದ ಚರ್ಚೆ ದಾರಿ ತಪ್ಪುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. ಬೆಳೆವಿಮೆಗೂ ಬರದ ಲೆಕ್ಕಕ್ಕೂ ಅವು ಬಹುಮೂಲ್ಯ. ಆದರೆ ಜುಗೂಳದ ಮಳೆಮಾಪಕ ಸೊನ್ನೆ ತೋರಿಸುತ್ತಿರುವಾಗಲೇ ಜುಗೂಳದ ಹೊಲಕ್ಕೆ ನೀರು ನುಗ್ಗಬಲ್ಲದು. ಇನ್ನು ಸ್ಮಾರ್ಟ್ ಸಿಟಿಯ ಮಾತು: 2015ರಲ್ಲಿ ಆರಂಭವಾಗಿ 2025ರ ಮಾರ್ಚಿಯಲ್ಲಿ ಮುಗಿದ ಕೇಂದ್ರ ಸರ್ಕಾರದ ಆ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲಿ, 2016ರ ಜನವರಿಯಲ್ಲಿ, ಬೆಳಗಾವಿಯೂ ಇತ್ತು. ನಗರದಲ್ಲಿ ಕ್ಯಾಮೆರಾ, ಸೆನ್ಸರುಗಳ ಮಾಹಿತಿಯನ್ನು ಒಂದೆಡೆ ನೋಡುವ ನಿಯಂತ್ರಣ ಕೇಂದ್ರ ತಲೆಯೆತ್ತಿತು. ಬೆಳಗಾವಿಯ ನೆರೆ ಮುಖ್ಯವಾಗಿ ಬಳ್ಳಾರಿ ನಾಲೆಯದು. ಕೃಷ್ಣೆ ಆ ನಗರವನ್ನು ಮುಟ್ಟುವುದೇ ಇಲ್ಲ. ಜಿಲ್ಲೆಯ ಅತಿ ದೊಡ್ಡ ನೆರೆ ಬರುವುದು ಆ ಯೋಜನೆಯ ಗಡಿಯ ಹೊರಗಿನ ಹಳ್ಳಿಗಳಿಗೆ. ಉಪಕರಣ ಒಂದೆಡೆ, ಉಪದ್ರವ ಇನ್ನೊಂದೆಡೆ!

ಹಾಗಾದರೆ ಹೊಳೆಸಾಲಿನ ಜನ ಇಷ್ಟು ಕಾಲ ಯಾವ ಆಧಾರದ ಮೇಲೆ ಎಚ್ಚರಗೊಳ್ಳುತ್ತಿದ್ದರು? ಮೊದಲನೆಯದು ಕಾಲದ ಲೆಕ್ಕ. ಪುನರ್ವಸು, ಪುಷ್ಯ, ಆಶ್ಲೇಷಾ ಈ ಮೂರು ಮಳೆಗಳ ಅವಧಿ, ಅಂದರೆ ಜುಲೈ ಮೊದಲ ವಾರದಿಂದ ಆಗಸ್ಟ್ ಮಧ್ಯದವರೆಗಿನ ಕಾಲ, ಹೊಳೆಯ ಕಾಲ. ಗಡಿಯ ಮರಾಠಿ ಮಾತಿನಲ್ಲಿ ಪುನರ್ವಸುವಿಗೆ ‘ತರಣಾ’ ಎಂದೂ ಪುಷ್ಯಕ್ಕೆ ‘ಮ್ಹಾತಾರಾ’ ಎಂದೂ ಹೆಸರು. ಒಂದು ಹರೆಯದ ಮಳೆ, ಇನ್ನೊಂದು ಮುದುಕ ಮಳೆ. 2019ರ ಮಹಾಪೂರದ ಉಚ್ಛ್ರಾಯ ಆಶ್ಲೇಷೆಯಲ್ಲಿ ಬಂದರೆ, 2021ರದು ಪುಷ್ಯ ಹೂಡಿದ ಕೆಲವೇ ದಿನಗಳಲ್ಲಿ ಬಂದಿತು. ಪಂಚಾಂಗದ ಈ ಲೆಕ್ಕ ಯಾವ ದಿನ ಎಂದು ಹೇಳಲಾರದು. ಯಾವ ದಿನಗಳಲ್ಲಿ ಮೈಮರೆಯಬಾರದು ಎಂದು ಹೇಳುತ್ತದೆ.

ಎರಡನೆಯದು ಸ್ಥಳದ ಲೆಕ್ಕ. ಇದು ಹೆಚ್ಚು ಕುತೂಹಲಕರ. ಕೃಷ್ಣಾ-ಪಂಚಗಂಗಾ ಸಂಗಮದ ನೃಸಿಂಹವಾಡಿ ಗಡಿಯ ಎರಡೂ ಬದಿಯ ಭಕ್ತರ ದತ್ತಕ್ಷೇತ್ರ. ನದಿಯ ನೀರು ಗುಡಿಯನ್ನು ಹೊಕ್ಕು, ಪಾದುಕೆಗಳ ಮೇಲೆ ಹರಿದು, ದಕ್ಷಿಣದ ಬಾಗಿಲಿನಿಂದ ಹೊರಬೀಳುವ ಹೊತ್ತನ್ನು ಅಲ್ಲಿ ‘ದಕ್ಷಿಣದ್ವಾರ ಸೋಹಳಾ’ ಎಂದು ಆಚರಿಸುತ್ತಾರೆ. ಆ ನೀರಿನಲ್ಲಿ ಮೀಯುವುದು ಪುಣ್ಯವೆಂಬ ನಂಬಿಕೆಯಿದೆ. ನೀರು ಇನ್ನೂ ಏರಿದರೆ ಉತ್ಸವಮೂರ್ತಿಯನ್ನು ಎತ್ತರದ ಸ್ಥಳಕ್ಕೆ ಸಾಗಿಸುತ್ತಾರೆ. ಭಕ್ತಿಯ ದೃಷ್ಟಿಯಿಂದ ಇದು ಉತ್ಸವ. ನದಿಯ ದೃಷ್ಟಿಯಿಂದ ನೋಡಿದರೆ, ಕದಲದ ಕಲ್ಲಿನ ಕಟ್ಟಡವೊಂದು ನಿಶ್ಚಿತ ಎತ್ತರದಲ್ಲಿ ನಿಂತು, ನೀರು ಇಷ್ಟಕ್ಕೆ ಬಂದಿದೆ ಎಂದು ಸಾವಿರಾರು ಜನರಿಗೆ ಏಕಕಾಲಕ್ಕೆ ಸಾರುವ ಮಾಪಕ. ಸಂಗಮದ ಕೆಳಗೆ ಇರುವುದು ರಾಜಾಪುರ, ಅದರ ಕೆಳಗೆ ನಮ್ಮ ಹಳ್ಳಿಗಳು. ವಾಡಿಯಲ್ಲಿ ದಕ್ಷಿಣದ್ವಾರವಾಯಿತೆಂಬ ಸುದ್ದಿ ಕೆಳಗಿನವರಿಗೆ ಪುಣ್ಯದ ವಾರ್ತೆಯಷ್ಟೇ ಅಲ್ಲ, ಸಾಮಾನು ಕಟ್ಟುವ ವಾರ್ತೆಯೂ ಹೌದು.

ಕರ್ನಾಟಕದ ಬದಿಯಲ್ಲಿ ಇದೇ ಕೆಲಸವನ್ನು ಸೇತುವೆ-ಬ್ಯಾರೇಜುಗಳು ಮಾಡುತ್ತವೆ. ಕೃಷ್ಣೆಯ ಕಲ್ಲೋಳ-ಯಡೂರ, ದೂಧಗಂಗೆಯ ಮಲಿಕವಾಡ-ದತ್ತವಾಡ ಮತ್ತು ಕಾರದಗಾ-ಭೋಜ, ವೇದಗಂಗೆಯ ಜತ್ರಾಟ-ಭಿವಶಿ, ಅಕ್ಕೋಳ-ಸಿದ್ನಾಳ, ಭೋಜವಾಡಿ-ಕುನ್ನೂರ ಇವು ತಗ್ಗಿನ ಕಟ್ಟಡಗಳು. ಹೊಳೆ ತುಂಬಿದ ವರ್ಷ ಮೊದಲು ಮುಳುಗುವುದು ಇವೇ. ಕುಡಚಿ-ಉಗಾರ ಸೇತುವೆಯ ಮೇಲೆ ನೀರು ಬಂದಿತೆಂದರೆ ಹೊಳೆ ಇನ್ನೊಂದು ಮೆಟ್ಟಿಲು ಏರಿತೆಂದು ಅರ್ಥ. ಯಾವ ಸೇತುವೆ ಯಾವುದರ ನಂತರ ಮುಳುಗುತ್ತದೆ ಎಂಬ ಅನುಕ್ರಮ ಹೊಳೆದಂಡೆಯ ರೈತರ ನಾಲಗೆಯ ಮೇಲಿದೆ. ಜಾನಪದವೆಂದರೆ ಹಳೆಯ ಹಾಡು ಮಾತ್ರವೆಂದು ತಿಳಿದವರಿಗೆ ಕಾಂಕ್ರೀಟಿನ ಬ್ಯಾರೇಜು ಜಾನಪದದ ವಸ್ತುವೆಂದರೆ ವಿಚಿತ್ರವೆನಿಸಬಹುದು; ಆದರೆ ಬಾಯಿಂದ ಬಾಯಿಗೆ ಹರಡುವ ಸಮುದಾಯದ ಅನುಭವಜ್ಞಾನವೆಂಬ ಲಕ್ಷಣ ಇದಕ್ಕೆ ಪೂರ್ಣವಾಗಿ ಒಪ್ಪುತ್ತದೆ.

ಮೂರನೆಯದು ಬೀಗತನ. ಶಿರೋಳ, ಮೀರಜ ತಾಲ್ಲೂಕುಗಳಿಗೂ ಚಿಕ್ಕೋಡಿ, ಕಾಗವಾಡಗಳಿಗೂ ಕೊಟ್ಟು ತರುವ ಸಂಬಂಧ ರಾಜ್ಯಗಳ ಗಡಿಗಿಂತ ಹಳೆಯದು. ಸಾಂಗಲಿಯ ಆಯರ್ವಿನ್ ಸೇತುವೆಯಲ್ಲಿ ನೀರು 40 ಅಡಿಗೆ ಬಂದರೆ ಎಚ್ಚರಿಕೆ, 45 ಅಡಿಗೆ ಬಂದರೆ ಅಪಾಯ. ಕೊಲ್ಹಾಪುರದ ಬಳಿ ಪಂಚಗಂಗೆಯ ರಾಜಾರಾಮ ಬಂಧಾರೆಯಲ್ಲಿ ಈ ಮಟ್ಟಗಳು 39 ಮತ್ತು 43 ಅಡಿ. 2019ರಲ್ಲಿ ಆಯರ್ವಿನ್ ಸೇತುವೆಯ ಬಳಿ ನೀರು 57 ಅಡಿಯನ್ನು ದಾಟಿತ್ತು. ಇಂಥ ಅಂಕಿಗಳು ಹೆಣ್ಣು ಕೊಟ್ಟ ಮನೆಯಿಂದ ತವರಿಗೆ, ಸೋದರಮಾವನಿಂದ ಅಳಿಯನಿಗೆ ಮೊಬೈಲಿನಲ್ಲಿ ಬರುತ್ತವೆ. ಹಾಗೆಯೇ ರಾಧಾನಗರಿ ಅಣೆಕಟ್ಟಿನ ಸುದ್ದಿ: ಜಲಾಶಯ ತುಂಬಿದೊಡನೆ ನೀರಿನ ಒತ್ತಡಕ್ಕೆ ತಾವಾಗಿಯೇ ತೆರೆದುಕೊಳ್ಳುವ ಏಳು ಬಾಗಿಲುಗಳು ಅಲ್ಲಿವೆ. ವಿದ್ಯುತ್ತೂ ಇಲ್ಲದೆ, ಸೆನ್ಸರೂ ಇಲ್ಲದೆ ಕೆಲಸ ಮಾಡುವ ಆ ಬಾಗಿಲುಗಳಲ್ಲಿ ಎಷ್ಟು ತೆರೆದವು ಎಂಬ ಎಣಿಕೆ ಸಂಜೆಯೊಳಗೆ ನದೀತೀರವನ್ನೆಲ್ಲ ಮುಟ್ಟುತ್ತದೆ.

ಇಷ್ಟನ್ನು ಹೇಳಿದ ಮೇಲೆ, ಜನಪದರ ಜ್ಞಾನವೇ ಸಾಕು ಎಂಬ ತೀರ್ಮಾನಕ್ಕೆ ಬರುವ ಪ್ರಲೋಭನೆ ನಮ್ಮ ಶಿಸ್ತಿನಲ್ಲಿ ಸಹಜ. ಅದು ಅಪಾಯಕಾರಿ. ಹಿರಿಯರ ಅನುಭವ ಕಟ್ಟಿಲ್ಲದ ನದಿಯದು. ಇಂದು ಮೇಲೆ 105 ಟಿ.ಎಂ.ಸಿ. ಹಿಡಿಯುವ ಕೊಯ್ನಾ ಜಲಾಶಯವಿದೆ. ಕೆಳಗೆ ಹಿಪ್ಪರಗಿ ಬ್ಯಾರೇಜು, ಅದರ ಕೆಳಗೆ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲುವ ಆಲಮಟ್ಟಿಯಿದೆ. ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಅವಕಾಶ ನೀಡಿತು. ಸಾಂಗಲಿ, ಕೊಲ್ಹಾಪುರಗಳ ನೆರೆಯನ್ನು ಮುಂದಿಟ್ಟು ಮಹಾರಾಷ್ಟ್ರ ಅದನ್ನು ವಿರೋಧಿಸುತ್ತ ಬಂದಿದೆ. ಬಾಗಿಲು ಎತ್ತುವ ನಿರ್ಧಾರ ಕೈಗೊಳ್ಳುವ ಎಂಜಿನಿಯರನ ಮನಸ್ಸನ್ನು ಯಾವ ನಕ್ಷತ್ರವೂ ಹೇಳಲಾರದು. ‘ಹಿಂದ ಇಲ್ಲಿಮಟ ಹೊಳಿ ಬಂದಿಲ್ಲ’ ಎಂಬ ನೆನಪನ್ನು ನೆಚ್ಚಿ ಮನೆಯಲ್ಲೇ ಉಳಿದರೆ ಆ ನೆನಪೇ ಜನರನ್ನು ನೀರಿನ ನಡುವೆ ಸಿಲುಕಿಸಬಲ್ಲದು. 2005, 2019, 2021ರ ನೆರೆಗಳ ನಂತರ ಅಂಥ ನೆನಪನ್ನು ನೆಚ್ಚಲಾಗದು.

ಆದ್ದರಿಂದ ಯಂತ್ರದ ಅಂಕಿ ಬೇಕೇ ಬೇಕು. ಕುರುಂದವಾಡ ಮತ್ತು ಸದಲಗಾಗಳಲ್ಲಿ ಕೇಂದ್ರ ಜಲ ಆಯೋಗ ನದಿಯನ್ನು ಅಳೆಯುತ್ತದೆ. ರಾಜಾಪುರದ ಹರಿವು ಮಳೆಗಾಲದಲ್ಲಿ ಪ್ರತಿದಿನ ಪತ್ರಿಕೆಯಲ್ಲಿ ಬರುತ್ತದೆ. ತೊಡಕಿರುವುದು ಭಾಷಾಂತರದಲ್ಲಿ. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್. ಇದೇ ಪ್ರಮಾಣ ಒಂದು ದಿನ ಹರಿದರೆ 8.64 ಟಿ.ಎಂ.ಸಿ. ಲೆಕ್ಕ ಸರಿಯಾಗಿದೆ, ಆದರೆ ಮಾಂಜರಿಯ ರೈತನಿಗೆ ಬೇಕಾದ ಉತ್ತರ ಇದಲ್ಲ. ಈ ಹರಿವಿಗೆ ತನ್ನ ಊರಿನಲ್ಲಿ ನೀರು ಅಗಸೆಗೆ ಬರುತ್ತದೆಯೋ, ಗುಡಿಯ ಕಟ್ಟೆಗೆ ಬರುತ್ತದೆಯೋ, ತೋಟದ ಮನೆಯ ದನದ ಕೊಟ್ಟಿಗೆಗೆ ಯಾವ ಹೊತ್ತಿಗೆ ಬರುತ್ತದೆ ಎಂಬುದು ಅವನ ಪ್ರಶ್ನೆ. ಸಮುದ್ರಮಟ್ಟದಿಂದ ಮೀಟರುಗಳಲ್ಲಿ ಹೇಳುವ ಪ್ರಕಟಣೆಯನ್ನು ಊರಿನ ಮೆಟ್ಟಿಲುಗಳ ಭಾಷೆಗೆ ತರುವುದು ಎಂಜಿನಿಯರನೊಬ್ಬನ ಕೆಲಸವಲ್ಲ. ಪ್ರತಿ ಹಳ್ಳಿಯಲ್ಲಿ ಮೂರು ಮಹಾಪೂರಗಳ ನೀರು ಮುಟ್ಟಿದ ಗುರುತುಗಳನ್ನು ಹಿರಿಯರಿಂದ, ಅದರಲ್ಲೂ ಮನೆಯ ಹೆಂಗಸರಿಂದ ಕೇಳಿ, ಅಳೆದು, ಆ ದಿನದ ರಾಜಾಪುರ ಮತ್ತು ದೂಧಗಂಗೆಯ ಹರಿವಿನೊಡನೆ ಜೋಡಿಸಬೇಕು. ಏರಿದ ಹೊಳೆಗೆ ಉಡಿ ತುಂಬಲು ಹೋಗುವವರು ಹೆಂಗಸರು. ನೀರು ಯಾವ ಕಲ್ಲಿನವರೆಗೆ ಬಂದಿತ್ತೆಂಬ ಅವರ ನೆನಪು ಅಚ್ಚುಕಟ್ಟು. ಸಂದೇಶ ಬರುವ ಮೊಬೈಲು ಮಾತ್ರ ಬಹುತೇಕ ಗಂಡಸರ ಕಿಸೆಯಲ್ಲಿರುತ್ತದೆ.

ತಲುಪಿಸುವ ಬಗೆಯೂ ಅಷ್ಟೇ ಮುಖ್ಯ. ಒಂದು ಪ್ರದೇಶದ ಎಲ್ಲ ಮೊಬೈಲುಗಳೂ ಏಕಕಾಲಕ್ಕೆ ಮೊಳಗುವ ಎಚ್ಚರಿಕೆಯ ವ್ಯವಸ್ಥೆಯನ್ನು 2023ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲಿ ಪರೀಕ್ಷಿಸಲಾಯಿತು. ಒಡಿಶಾದ ಕರಾವಳಿಯಲ್ಲಿ 122 ಸೈರನ್ ಗೋಪುರಗಳ ಜಾಲ 2018ರಿಂದ ಇದೆ. ಬಾಂಗ್ಲಾದೇಶದ ಚಂಡಮಾರುತ ಸಿದ್ಧತಾ ಕಾರ್ಯಕ್ರಮ 1970ರ ದಶಕದಿಂದಲೂ ಬಾವುಟ ಮತ್ತು ಧ್ವನಿವರ್ಧಕ ಹಿಡಿದ ಊರಿನ ಸ್ವಯಂಸೇವಕರನ್ನು ನಂಬಿ ನಡೆದಿದೆ; ಉಪಗ್ರಹ ಬಂದ ಮೇಲೂ ಅವರನ್ನು ಬಿಡಲಿಲ್ಲ. ನಮ್ಮಲ್ಲಿ ಹಲಗೆ ಬಾರಿಸಿ ಡಂಗುರ ಸಾರುವ ಪದ್ಧತಿ ಇನ್ನೂ ಅಳಿದಿಲ್ಲ. ಡಂಗುರ ಸಾರುವವನು ಓಣಿ ಓಣಿ ತಿರುಗಿ, ಕೇಳಿದ ಪ್ರಶ್ನೆಗೆ ನಿಂತು ಉತ್ತರ ಕೊಡುತ್ತಾನೆ. ಎದುರಿನವರ ಭಾಷೆ ನೋಡಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಹೇಳುತ್ತಾನೆ. ನಿಪ್ಪಾಣಿ ಭಾಗದಲ್ಲಿ ಒಂದೇ ಭಾಷೆಯ ಸಂದೇಶ ಅರ್ಧ ಸಂದೇಶವೇ ಸರಿ.

ಕೊನೆಗೆ ದನಕರುಗಳ ಮಾತು. ಸುದ್ದಿ ತಿಳಿದರೂ ಜನ ತೋಟದ ವಸತಿಗಳನ್ನು ಬಿಟ್ಟೇಳದಿರುವುದಕ್ಕೆ ಮೌಢ್ಯ ಕಾರಣವಲ್ಲ. ಹಾಲು ಕರೆಯುವ ಎಮ್ಮೆಯನ್ನು ಕಟ್ಟಲು ಜಾಗ, ಹಾಕಲು ಮೇವು ಕಾಳಜಿ ಕೇಂದ್ರದಲ್ಲಿ ಉಂಟೆಂಬ ಖಾತ್ರಿಯಿಲ್ಲದೆ ಒಕ್ಕಲಿಗ ಮಡ್ಡಿಯ ಕಡೆ ಹೆಜ್ಜೆ ಇಡಲಾರ. ನೀರು ಎಲ್ಲಿಗೆ ಬಂದಿದೆ ಎಂಬುದರ ಜೊತೆಗೆ ಯಾವ ಊರಿನ ಯಾವ ಬಯಲಿನಲ್ಲಿ ಎಷ್ಟು ದನಗಳಿಗೆ ಮೇವಿದೆ ಎಂಬುದೂ ಅದೇ ಸಂದೇಶದಲ್ಲಿ, ಅದೇ ಡಂಗುರದಲ್ಲಿ ಬಂದರೆ ಅವನು ರಾತ್ರಿಯಾಗುವ ಮೊದಲೇ ಕಣ್ಣಿ ಬಿಚ್ಚುತ್ತಾನೆ.