ಬದುಕಿಬಂದ ಲೀಲಾವತಿ

ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಸೀಮೆಗೆ ನಾಟಕದ ಗೀಳು ಹಿಡಿದದ್ದು ಒಂದು ಕಡೆಯಿಂದಲ್ಲ. ರಾತ್ರಿಯಿಡೀ ನಡೆದು ಬೆಳಗಿನ ಜಾವದ ಮಂಗಳದಲ್ಲಿ ಮುಗಿಯುವ ಬಯಲಾಟವು ಅದನ್ನು ಬಿತ್ತಿತು. ಜಾತ್ರೆಗೆ ಕ್ಯಾಂಪು ಹಾಕುವ ಕಂಪನಿಗಳು ನೀರೆರೆದವು. ಆಮೇಲೆ ಹೂವಿನಹಡಗಲಿಯಲ್ಲಿ ಎಂ.ಪಿ. ಪ್ರಕಾಶರು ಕಟ್ಟಿದ ರಂಗಭಾರತಿಯಂಥ ಸಂಸ್ಥೆಗಳು ಹೊಸ ನಾಟಕದ ರುಚಿಯನ್ನೂ ಹತ್ತಿಸಿದವು. ಈ ಸೀಮೆಯ ಪ್ರೇಕ್ಷಕನಿಗೆ ನಾಯಕನ ಮರಣವು ಅಪರಿಚಿತವೇನಲ್ಲ. ಬಯಲಾಟದ ವೀರ ಕುಮಾರರಾಮನು ರಣದಲ್ಲಿ ಮಡಿಯುವುದನ್ನು ಅವನು ಕಣ್ಣೀರಿನೊಡನೆ ಒಪ್ಪಿಕೊಳ್ಳುತ್ತಾನೆ, ಏಕೆಂದರೆ ಮಡಿದ ವೀರನು ದೈವವಾಗಿ ಪೂಜೆಗೊಳ್ಳುತ್ತಾನೆಂಬುದು ಅವನಿಗೆ ಗೊತ್ತು. ಆದರೆ ವೀರರೂ ಅಲ್ಲದ, ಪ್ರೀತಿಸಿದ್ದನ್ನುಳಿದು ಬೇರಾವ ಸಾಹಸವನ್ನೂ ಮಾಡದ ಎರಡು ಎಳೆಯ ಜೀವಗಳು ಕಡೆಯ ಅಂಕದಲ್ಲಿ ಹೆಣವಾಗಿ ಬೀಳುವುದನ್ನು ಒಪ್ಪುವ ಬಗೆ ಹೇಗೆ?

ಶೇಕ್ಸ್‌ಪಿಯರನ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕವನ್ನು 1889ರಲ್ಲಿ ‘ರಾಮವರ್ಮ ಲೀಲಾವತಿ’ಯಾಗಿ ಕನ್ನಡಕ್ಕೆ ತಂದ ಆನಂದರಾಯರಿಗೂ ಇದೇ ತೊಡಕು ಎದುರಾಗಿರಬೇಕು. ಅವರು ಪ್ರೇಮಿಗಳನ್ನು ಸಾಯಲು ಬಿಟ್ಟರು, ಆದರೆ ಸತ್ತೇ ಇರಲು ಬಿಡಲಿಲ್ಲ. ಸಾಧುವಿನ ಪ್ರಾರ್ಥನೆಗೆ ಓಗೊಟ್ಟು ಮಹಾವಿಷ್ಣುವು ಇಬ್ಬರಿಗೂ ಪ್ರಾಣದಾನ ಮಾಡುತ್ತಾನೆ. ಇಂಗ್ಲಿಷ್ ಓದಿದವರು ಇದನ್ನು ಕಂಡು ನಕ್ಕದ್ದುಂಟು. ಆ ನಗೆಯಲ್ಲಿ ಅಷ್ಟೊಂದು ಹುರುಳಿಲ್ಲವೆಂದೇ ನನ್ನ ಮತ. ಶ್ರೀಹರ್ಷನ ‘ನಾಗಾನಂದ’ದಲ್ಲಿ, ನಾಗನೊಬ್ಬನಿಗಾಗಿ ಗರುಡನಿಗೆ ಮೈಯೊಪ್ಪಿಸಿ ಮಡಿದ ಜೀಮೂತವಾಹನನನ್ನು ಗೌರಿಯು ಬದುಕಿಸಿ ಮಲಯವತಿಯ ಮಾಂಗಲ್ಯವನ್ನು ಉಳಿಸುವಳಷ್ಟೆ, ಆನಂದರಾಯರು ಹಿಡಿದದ್ದು ಆ ಹಳೆಯ ಹಾದಿಯನ್ನೇ. ಅಷ್ಟೇಕೆ, ಶೇಕ್ಸ್‌ಪಿಯರನ ನಾಡಿನವರೇ 1660ರ ದಶಕದಲ್ಲಿ ಈ ಕೆಲಸ ಮಾಡಿದ್ದರು. ಜೇಮ್ಸ್ ಹೋವರ್ಡ್ ಎಂಬಾತನು ಪ್ರೇಮಿಗಳನ್ನು ಬದುಕಿಸಿ ಬರೆದ ಪಾಠವೊಂದಿತ್ತೆಂದೂ, ಲಂಡನ್ನಿನಲ್ಲಿ ಒಂದು ದಿನ ದುಃಖಾಂತವನ್ನೂ ಮರುದಿನ ಸುಖಾಂತವನ್ನೂ ಸರದಿಯಂತೆ ಆಡುತ್ತಿದ್ದರೆಂದೂ ಆ ಕಾಲದ ರಂಗಭೂಮಿಯನ್ನು ಬಲ್ಲವನಾದ ಡೌನ್ಸ್ ಬರೆದಿಟ್ಟಿದ್ದಾನೆ. ಯಾವ ದಿನ ಹೆಚ್ಚು ಟಿಕೇಟು ಮಾರಿತೆಂಬುದನ್ನೂ ಆತ ಬರೆದಿದ್ದರೆ ನಮ್ಮ ಕಂಪನಿ ಮಾಲೀಕರಿಗೆ ಉಪಕಾರವಾಗುತ್ತಿತ್ತು!

ಈ ಪ್ರೇಮಿಗಳು ಎಂಥವರೆಂಬ ವಿಷಯದಲ್ಲಿ ಮೊದಲಿನಿಂದಲೂ ಏಕಾಭಿಪ್ರಾಯವಿಲ್ಲ. ಶೇಕ್ಸ್‌ಪಿಯರನಿಗೆ ಕಥೆಯನ್ನೊದಗಿಸಿದ ಆರ್ಥರ್ ಬ್ರೂಕನು 1562ರ ತನ್ನ ಕಾವ್ಯದ ಮುನ್ನುಡಿಯಲ್ಲಿ, ಹಿರಿಯರ ಮಾತು ಮೀರಿ ಕಾಮಕ್ಕೆ ವಶರಾದವರಿಗೆ ಒದಗಿದ ದುರ್ಗತಿಯಿದೆಂದು ಗದರಿಸುತ್ತಾನೆ. ಶೇಕ್ಸ್‌ಪಿಯರನಾದರೋ ಬೈಯಲಿಲ್ಲ, ಬ್ರೂಕನಲ್ಲಿ ತಿಂಗಳುಗಟ್ಟಲೆ ಹರಡಿದ್ದ ಕಥೆಯನ್ನು ನಾಲ್ಕೈದು ದಿನಗಳಿಗೆ ಇಳಿಸಿ, ಹದಿನಾರರ ಹುಡುಗಿಯನ್ನು ಹದಿನಾಲ್ಕಕ್ಕೆ ಇನ್ನೂ ಕಾಲಿಡದ ಬಾಲೆಯನ್ನಾಗಿ ಮಾಡಿದನು. ಇದರಿಂದ ಅವರ ಪ್ರೇಮವು ಒಮ್ಮೆ ಕಾಡುಗಿಚ್ಚಿನಂತೆಯೂ ಒಮ್ಮೆ ಮಕ್ಕಳ ಹಟದಂತೆಯೂ ಕಾಣಿಸತೊಡಗಿತು. ನಾಟಕದ ಆರಂಭದಲ್ಲಿ ರೋಸಲೀನಳಿಗಾಗಿ ನಿಟ್ಟುಸಿರು ಬಿಡುತ್ತಿದ್ದ ರೋಮಿಯೋ ಅದೇ ರಾತ್ರಿ ಜೂಲಿಯೆಟ್ಟಳನ್ನು ಕಂಡು ಹಳೆಯದನ್ನು ಮರೆಯುವನಾದುದರಿಂದ, ಅವನು ಪ್ರೀತಿಸಿದ್ದು ಪ್ರೀತಿಯನ್ನೇ ಹೊರತು ಹುಡುಗಿಯನ್ನಲ್ಲವೆನ್ನುವವರಿದ್ದಾರೆ.

ಜೂಲಿಯೆಟ್ಟಳ ವಿಷಯದಲ್ಲಿ ಈ ಆಕ್ಷೇಪ ನಿಲ್ಲದು. ಉಪ್ಪರಿಗೆಯ ಸುಪ್ರಸಿದ್ಧ ದೃಶ್ಯದಲ್ಲಿ ಅವನು ಚಂದ್ರನ ಮೇಲೆ ಆಣೆಯಿಡಹೋದರೆ, ತಿಂಗಳು ತಿಂಗಳೂ ಬದಲಾಗುವ ಚಂದ್ರನ ಆಣೆ ಬೇಡವೆಂದು ತಡೆಯುವವಳು ಅವಳು. ಮದುವೆಯ ಮಾತನ್ನು ಮೊದಲು ಎತ್ತಿ, ನಾಳೆ ಎಷ್ಟು ಹೊತ್ತಿಗೆ ಆಳು ಕಳುಹಿಸಲೆಂದು ಕೇಳಿ ಗೊತ್ತುಮಾಡಿಕೊಳ್ಳುವವಳೂ ಅವಳೇ. ಈ ಹುಡುಗಿಯನ್ನು ಬರಿಯ ಮುಗ್ಧೆಯೆಂದು ಆಡಿಸಿದ ಪ್ರಯೋಗಗಳೆಲ್ಲ ನಾಟಕದ ಅರ್ಧ ಬುದ್ಧಿಯನ್ನು ಕೈಬಿಟ್ಟವು.

ನಟರು ಬದಲಾದರೆ ಅರ್ಥವೂ ಬದಲಾಗುವುದು. 1935ರಲ್ಲಿ ಲಂಡನ್ನಿನಲ್ಲಿ ಗೀಲ್‌ಗುಡ್ ಮತ್ತು ಒಲಿವಿಯರ್ ಎಂಬ ಇಬ್ಬರು ಮಹಾನಟರು ರೋಮಿಯೋ ಹಾಗೂ ಅವನ ಗೆಳೆಯ ಮರ್ಕ್ಯೂಶಿಯೋ ಪಾತ್ರಗಳನ್ನು ಅದಲುಬದಲು ಮಾಡಿಕೊಂಡು ಆಡಿದರು. ಒಬ್ಬನದು ಪದ್ಯದ ಇಂಪನ್ನು ನೆಚ್ಚಿದ ರೋಮಿಯೋ, ಇನ್ನೊಬ್ಬನದು ರಕ್ತದ ಬಿಸುಪಿನ ರೋಮಿಯೋ. ಅದಕ್ಕೂ ಮುಂಚೆ, 1845ರಲ್ಲಿ, ಅಮೆರಿಕದ ಷಾರ್ಲಟ್ ಕುಷ್‌ಮನ್ ಎಂಬಾಕೆ ತನ್ನ ತಂಗಿಯೆದುರು ತಾನೇ ರೋಮಿಯೋ ಆಗಿ ಲಂಡನ್ನಿನವರ ಮೆಚ್ಚುಗೆ ಪಡೆದಿದ್ದಳು. ಸ್ತ್ರೀಪಾತ್ರವನ್ನು ಗಂಡಸರೇ ಮಾಡಿದ ಕಂಪನಿಗಳನ್ನು ಕಂಡ ನಮ್ಮ ಹಿರಿಯರಿಗೆ ಇದೇನೂ ವಿಚಿತ್ರವೆನಿಸಲಾರದು.

ಇನ್ನು ಅಂತ್ಯದ ಮಾತು. ಜೂಲಿಯೆಟ್ಟಳ ಸಾವು ಬರಿಯ ತೋರಿಕೆಯೆಂದು ತಿಳಿಸಲು ಸಾಧು ಬರೆದ ಓಲೆಯು ಪಿಡುಗಿನ ದಿಗ್ಬಂಧನದಿಂದಾಗಿ ರೋಮಿಯೋನಿಗೆ ತಲುಪದೆ ಹೋಯಿತೆಂಬುದನ್ನು ಹಿಡಿದು, ಎಲ್ಲವೂ ಗ್ರಹಗತಿಯ ಫಲವೆನ್ನುವ ವಿಮರ್ಶಕರು ಒಂದು ಪಕ್ಷ. ಆದರೆ ಆ ಓಲೆ ಬೇಕಾದದ್ದೇಕೆ? ಎರಡು ಮನೆತನಗಳ ಹಗೆಯಿಂದ ಮದುವೆ ಗುಟ್ಟಾಗಬೇಕಾಯಿತು. ಗುಟ್ಟಿನಿಂದ ಓಲೆ ಬೇಕಾಯಿತು. ಮಕ್ಕಳ ಹೆಣದ ಮುಂದೆ ಕೈಹಿಡಿದುಕೊಂಡ ಮುದುಕರಿಬ್ಬರು ಒಬ್ಬರ ಮಗುವಿಗೆ ಮತ್ತೊಬ್ಬರು ಚಿನ್ನದ ಪ್ರತಿಮೆ ಮಾಡಿಸುವ ಮಾತಾಡುತ್ತಾರೆ. ಸತ್ತವರ ಲೆಕ್ಕದಲ್ಲಿಯೂ ಸಿರಿವಂತಿಕೆಯನ್ನು ಮೆರೆಯುವ ಈ ಮಾತಿಗಿಂತ ಕ್ರೂರವಾದ ವ್ಯಂಗ್ಯವು ಇಡೀ ನಾಟಕದಲ್ಲಿಲ್ಲ.

ಮಹಾವಿಷ್ಣು ಬಂದರೆ ತಪ್ಪಿಹೋಗುವುದು ಈ ಘಳಿಗೆಯೇ. ಪ್ರೇಮಿಗಳು ನಿರ್ದೋಷಿಗಳೆಂದು ಸಾರುವುದು ಆನಂದರಾಯರ ಉದ್ದೇಶವಾಗಿದ್ದಲ್ಲಿ ಅದು ಸಫಲವಾಯಿತೆನ್ನಬೇಕು. ಆದರೆ ಮಕ್ಕಳ ಜೊತೆಗೆ ಹಿರಿಯರೂ ಶಿಕ್ಷೆಯಿಂದ ಪಾರಾದರು. ಬಳ್ಳಾರಿಯಲ್ಲಿ ಸರಸ ವಿನೋದಿನೀ ಸಭೆಯನ್ನು ಕಟ್ಟಿದ ಧರ್ಮವರಂ ರಾಮಕೃಷ್ಣಮಾಚಾರ್ಯರು, ಅದೇ ಶತಮಾನ ಮುಗಿಯುವುದರೊಳಗಾಗಿ, ತಮ್ಮ ತೆಲುಗಿನ ‘ವಿಷಾದ ಸಾರಂಗಧರ’ದಲ್ಲಿ ಹಳೆಯ ಲಾಕ್ಷಣಿಕರ ಕಟ್ಟನ್ನು ಮುರಿದು ದುಃಖವನ್ನು ದುಃಖವಾಗಿಯೇ ಉಳಿಸಿದರು. ಮಲತಾಯಿಯ ಸುಳ್ಳು ದೂರನ್ನು ನಂಬಿ ಮಗನನ್ನು ಶಿಕ್ಷೆಗೊಪ್ಪಿಸಿದ ತಂದೆಯ ಕಥೆಯದು. ಕುಮಾರರಾಮನ ಕಥೆಯಲ್ಲಿಯೂ ಮಲತಾಯಿ ರತ್ನಾಜಿಯ ಇಂಥದೇ ದೂರು ಇರುವುದರಿಂದ, ನಮ್ಮ ಸೀಮೆಯವರಿಗೆ ಆ ನಾಟಕದ ತಂದೆಯ ಮೇಲೆ ತೀರ್ಪು ಕೊಡಲು ಯಾವ ದೇವರ ನೆರವೂ ಬೇಕಾಗಲಿಲ್ಲ.